ಅಪ್ಪ ಬಣ್ಣ ಬಳಿದ ಮೇರಿಯ ಮೂರ್ತಿ

ಜಮಖಂಡಿ ಇನ್ನೂ ಸಂಸ್ಥಾನವಾಗಿದ್ದ ಕಾಲ. ಊರ ಹೊರಗೆ ನಮ್ಮ ಏಳೆಂಟು ಕ್ರೈಸ್ತ ಮನೆಗಳಿಗಾಗಿ ಸಣ್ಣದೊಂದು ಪ್ರಾರ್ಥನಾಲಯ ಎದ್ದಿತು. ಒಳಗಿನ ಸಾಮಾನನ್ನು ಪಾದ್ರಿಗಳು ಗೋವಾದಲ್ಲಿ ಪಾಳುಬಿದ್ದ ಚರ್ಚೊಂದರಿಂದ ತರಿಸಿದರು. ಕೆತ್ತನೆಯ ಪೂಜಾಪೀಠ, ಹಿತ್ತಾಳೆಯ ದೀಪದ ಕಂಬಗಳು, ಒಂದು ಶಿಲುಬೆ, ಆಳೆತ್ತರದ ಮೇರಿಯ ಮರದ ಮೂರ್ತಿ ಕುಡಚಿ ಸ್ಟೇಷನ್ನಿನಿಂದ ಚಕ್ಕಡಿಯಲ್ಲಿ ಬಂದವು. ಮೂರ್ತಿಯ ಬಲಗೈ ಮುರಿದಿತ್ತು. ಮೈತುಂಬ ಹುಳು ಕೊರೆದ ತೂತು.

"ಕೈ ಕೂಡಿಸು, ತೂತು ಮುಚ್ಚು" ಎಂದು ಅಪ್ಪನಿಗೆ ಹೇಳಿ ಪಾದ್ರಿಗಳು ಬೆಳಗಾವಿಗೆ ಹೋದರು.

ಅಪ್ಪ ಬಡಿಗ. ಊರದೇವತೆ ದ್ಯಾಮವ್ವನ ಮೂರ್ತಿಗೆ ಬಣ್ಣ ಹಚ್ಚುವ ಮನೆತನ ನಮ್ಮದು. ಅವನು ಕ್ರೈಸ್ತನಾದ ಮೇಲೆ ಅಣ್ಣತಮ್ಮಂದಿರು ಆ ಕೆಲಸಕ್ಕೆ ಕರೆಯುವುದನ್ನು ಬಿಟ್ಟಿದ್ದರು. ಕ್ರೈಸ್ತರು ಪ್ರಾರ್ಥನೆಗೆ ಕೂಡಿದಾಗಲೂ ಅವನ ಜಾಗ ಬಾಗಿಲ ಹತ್ತಿರವೇ. ಈ ಮೂರ್ತಿ ಪೀಠವೇರಿದರೆ ತನಗೂ ಅಲ್ಲೊಂದು ನೆಲೆಯಾದೀತೆಂದು ನಂಬಿದ್ದ.

ದೊಡ್ಡಪ್ಪ ಒಂದು ದಿನ ಹಾದುಹೋಗುತ್ತ ಇಣುಕಿದ. "ನಿಮ್ಮವ್ವ ಗೋವಾದಿಂದ ಕೈ ಮುರಕೊಂಡು ಬಂದಾಳೇನೋ?"

"ಬಂದಾಳ. ಇಲ್ಲೇ ಆರಾಮ ಆಗ್ತಾಳ" ಎಂದ ಅಪ್ಪ.

ಹೊಸ ಗುಡಿಗೆ ದೇವಿಯನ್ನು ಹಳೆ ಬಣ್ಣದಲ್ಲಿ ಒಯ್ಯಬಾರದೆಂಬುದು ಅವನು ಕಲಿತ ಪದ್ಧತಿ. ಕೈ ಕೂಡಿಸಿದ, ಉಳಿಯಿಂದ ಮೈಯೆಲ್ಲ ಕೆರೆದ, ತೂತು ಮುಚ್ಚಿದ. ಮುಖಕ್ಕೆ ಅರಿಶಿಣದ ಬಣ್ಣ, ಸೆರಗಿಗೆ ಕೆಂಪು ಹಚ್ಚಿದ. ಕೊನೆಗೆ, ಒಂದು ದಿನ ಉಪವಾಸವಿದ್ದು, ಕಣ್ಣು ಬರೆದ.

ಮರಳಿ ಬಂದ ಪಾದ್ರಿಗಳು ಮೂರ್ತಿಯ ಸುತ್ತ ಒಂದು ಸುತ್ತು ಬಂದರು. ನೆಲದ ಮೇಲಿನ ಹಳೆ ಬಣ್ಣದ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದರು. ಅದರಲ್ಲಿ ಬಂಗಾರದ ರೇಕು ಇತ್ತು.

"ಕೆರಿಯಾಕ ಯಾರು ಹೇಳಿದ್ರು ನಿನಗ?"

"ಯಾರು ಹೇಳಬೇಕ್ರಿ? ಮಾಸಿದ ಸೀರಿ ಮ್ಯಾಲೆ ಅವ್ವನ್ನ ಹೊಸ ಮನಿಗೆ ಕರಕೊಂಡು ಬರತಾರೇನ್ರಿ?"

"ಇನ್ನೂರು ವರ್ಷದ ಬಣ್ಣ ಅದು."

"ಅದಕ್ಕ ಕೆರದೇನ್ರಿ."

ಉದ್ಘಾಟನೆಯ ದಿನ ಪೀಠದ ಮೇಲೆ ಗೋವಾದ ಶಿಲುಬೆ ಮಾತ್ರ ಇತ್ತು. ಮೂರ್ತಿ ಹಿಂದಿನ ಕೋಣೆಯಲ್ಲಿ, ಗೋಡೆಗೆ ಮುಖ ಮಾಡಿ ನಿಂತಿತ್ತು. ಅಪ್ಪ ಎಂದಿನಂತೆ ಬಾಗಿಲ ಹತ್ತಿರ ಕುಳಿತ.

ನಾನಾಗ ಒಂದು ವಾರಪತ್ರಿಕೆಯ ವರದಿಗಾರ. ಆರು ಸಾಲು ಬರೆದೆ. ಪೀಠ, ದೀಪದ ಕಂಬ, ಶಿಲುಬೆ, ಬಂದ ಅತಿಥಿಗಳು. ಎಲ್ಲವೂ ಸರಿಯಾಗಿತ್ತು. ಪತ್ರಿಕೆ ಅಚ್ಚಾಗಿ ಬಂದಾಗ ಓದು ಬಾರದ ಅಪ್ಪ ನನ್ನಿಂದಲೇ ಅದನ್ನು ಎರಡು ಸಲ ಓದಿಸಿದ.

"ಅವ್ವನ ಸುದ್ದಿ ಎಲ್ಲೈತಿ?"

"ಜಾಗ ಸಾಲಲಿಲ್ಲಪ್ಪ" ಎಂದೆ.

ಆರು ಸಾಲಿನ ಕೆಳಗೆ ಎರಡು ಬೆರಳಗಲ ಖಾಲಿ ಇತ್ತು. ಅಪ್ಪ ಅದರ ಮೇಲೆ ಬೆರಳಿಟ್ಟ.