ನಮ್ಮ ಮನ್ಯಾಗಿನ ಗೋಧಿ

ನಮ್ಮ ಬೀದಿಯ ಕಾಕಾ "ನಮ್ಮ ಮನ್ಯಾಗ" ಅಂತ ಮಾತು ಶುರು ಮಾಡಿದರೆ ಅದು ಲಂಡನ್ನಿನ ಹ್ಯಾರೋದಲ್ಲಿ ಅವರೀಗ ಇರುವ ಮಗನ ಮನೆಯಲ್ಲ, ದಿಲ್ಲಿಯ ರಾಷ್ಟ್ರಪತಿ ಭವನ. ಧಾರವಾಡದಿಂದ ಹೋದ ಅವರಪ್ಪ ಅಲ್ಲಿ ಮಾಲಿ. ಆ ಆವರಣದ ಕ್ವಾರ್ಟರ್ಸಿನಲ್ಲೇ ಕಾಕಾ ಬೆಳೆದದ್ದು. ಎಲ್ಲಿ ತೋಟ ಕಂಡರೂ ಕುಕ್ಕರಗಾಲಲ್ಲಿ ಕೂತು, ಮಣ್ಣನ್ನು ಹೆಬ್ಬೆರಳಲ್ಲಿ ತಿಕ್ಕಿ ಮೂಸುತ್ತಿದ್ದರು.

ನಾನು ಬೇಗ ಶಾಲೆ ಬಿಟ್ಟು ಕಲ್ಲುಹಾಸಿನ ಕೆಲಸ ಕಲಿತವನು. ನಾನು ಹಾಸಿದ ಒಂದು ಕಲ್ಲೂ ಈ ಬೀದಿಯಲ್ಲಿ ಅಲುಗಿಲ್ಲ. ಕಾಕಾರ ಡಾಕ್ಟರ್ ಮಗ ಎರಡನೇ ಕಾರಿಗೆ ಜಾಗ ಬೇಕೆಂದು ನನ್ನನ್ನು ಕರೆದ. ಯುಗಾದಿಯ ಹೊತ್ತು. ಮನೆ ಮುಂದಿನ ಹುಲ್ಲನ್ನೆಲ್ಲ ಕಿತ್ತೆ. ಮಣ್ಣು ಕಂಡದ್ದೇ ತಡ, ಕಾಕಾ ಹೊಲಕ್ಕಿಳಿಯುವವರ ಹಾಗೆ ಚಪ್ಪಲಿ ಬಿಟ್ಟು ನಡುವೆ ಬಂದು ನಿಂತರು.

"ನಮ್ಮ ಮನ್ಯಾಗ, ವೈಸರಾಯ್ ಹ್ವಾದಮ್ಯಾಲ ಬಂದ ನಮ್ಮ ದೇಶದವರ ಗವರ್ನರ್ ಜನರಲ್ಲು ಹುಲ್ಲು ತಗಸಿ ಗೋಧಿ ಬಿತ್ತಿಸಿದ್ರು. ದೇಶಕ್ಕ ಕೂಳಿರಲಿಲ್ಲ. ಬೀಜ ಚೆಲ್ಲಿದಾಂವ ನಮ್ಮಪ್ಪ."

"ಅಪ್ಪಾ, ಇಲ್ಲಿ ಹಿಟ್ಟು ಅಂಗಡ್ಯಾಗ ಸಿಗ್ತದ," ಅಂದ ಮಗ. "ಕಾರ್ ಎಲ್ಲಿ ಪಾರ್ಕ್ ಮಾಡ್ಲಿ?"

"ಕಾರಿಗೆ ರಸ್ತಾ ಐತಿ. ಬೀಜಕ್ಕ ಏನೈತೋ?"

ಮಗ ನನ್ನತ್ತ ನೋಡಿದ. ಹಾಸುವ ಕಲ್ಲು ಇನ್ನೂ ನನ್ನ ವ್ಯಾನಿನಲ್ಲೇ ಇತ್ತು.

"ಒಂದು ಬೆಳೆ ಆಗ್ಲಿ ಡಾಕ್ಟ್ರೇ," ಅಂದೆ. "ಕಲ್ಲೇನು ಕೊಳೆಯಲ್ಲ."

ಕಾಕಾ ಅವತ್ತೇ ಗೋಧಿ ಬಿತ್ತಿದರು. ಇಲ್ಲಿನ ಬೇಸಿಗೆಗೆ ತೆನೆ ಬಂತು ನೋಡಿ, ಸ್ಟೇಷನ್ನಿಗೆ ಓಡುವವರೂ ನಿಂತು ಫೋಟೋ ತೆಗೆದರು. ಕಲ್ಲು ಯಾವಾಗ ಹಾಸಲಿ ಅಂತ ಕೇಳಲು ನಾನು ಹೋದಾಗ ಮಗ ಕಾರನ್ನು ರಸ್ತೆಯಲ್ಲೇ ಬಿಟ್ಟು, ತೆನೆಗಳ ಪಕ್ಕ ನಿಂತು ಧಾರವಾಡಕ್ಕೆ ವಿಡಿಯೋ ಕಾಲ್ ಮಾಡುತ್ತಿದ್ದ. "ನಮ್ಮ ಮನ್ಯಾಗ ಗೋಧಿ ಬಂದದ, ನೋಡ್ರಿಲ್ಲೆ!"

ಕಾಕಾ ಒಂದು ತೆನೆ ಮುರಿದು ನನ್ನ ಕೈಗಿಟ್ಟರು.

"ಆ ಕಲ್ಲು ಇನ್ನ ಬ್ಯಾರೆ ಮನಿಗೆ ಒಯ್ಯಪಾ."