ಒಂದೇ ಸಲ ಕೇಳುವ ಯಂತ್ರ

ಕೊರೊನಾ ಮುಗಿದು ಎರಡು ವರ್ಷವಾಗಿತ್ತು. ನಾನಾಗ ಶಿಕಾರಿಪುರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದ ಮುಖ್ಯಸ್ಥ. ನಿವೃತ್ತಿಗೆ ಒಂದು ವರ್ಷ ಬಾಕಿಯಿತ್ತು. ಆ ವರ್ಷ ಹಾಸ್ಟೆಲಿನಲ್ಲಿ ವೈರಲ್ ಜ್ವರ ಹಬ್ಬಿ, ಕಾಯಿಲೆಯಾದ ಮಕ್ಕಳನ್ನು ಬೇರೆ ಕೋಣೆಗಳಲ್ಲಿ ಇಡಬೇಕಾಯಿತು. ಅವರಿಗೆ ಗಂಜಿ, ಮಾತ್ರೆ ಒಯ್ಯುವವರು ಯಾರು? ಕೊರೊನಾ ಕಂಡಿದ್ದ ಅಡುಗೆಯವರು ಆ ಕಡೆ ತಲೆ ಹಾಕಲಿಲ್ಲ. ಗೆಳೆಯರನ್ನು ಒಳಗೆ ಬಿಟ್ಟರೆ ಅವರೂ ಜ್ವರ ಬಂದು ಮಲಗುತ್ತಿದ್ದರು. ಹಾಗಾಗಿ ನಮ್ಮ ಆಡಳಿತ ಮಂಡಳಿಯವರು, ಊಟ ಒಯ್ಯುವ ರೋಬಾಟ್ ಮಾಡಿಕೊಡಿ ಎಂದು ನಮಗೂ, ಸೊರಬದಲ್ಲಿದ್ದ ತಮ್ಮ ಇನ್ನೊಂದು ಕಾಲೇಜಿಗೂ ಹೇಳಿದರು. ಎರಡರಲ್ಲಿ ಒಂದನ್ನು ಆರಿಸಿ ಎಲ್ಲ ಹಾಸ್ಟೆಲುಗಳಿಗೂ ಮಾಡಿಸುವುದು ಅವರ ಯೋಜನೆ. ಅದರ ಮುಂದಾಳತ್ವವೂ ಆಯ್ಕೆಯಾದವರದ್ದೇ. ಸರ್ವಿಸ್ ಮುಗಿಯುವ ಮೊದಲು ನನ್ನ ಹೆಸರಿನ ಒಂದು ಯಂತ್ರ ಉಳಿಯಬೇಕೆಂದು ನನಗೆ ವಿಪರೀತ ಆಸೆಯಿತ್ತು.

ಸೊರಬದ ಹೆಸರು ಕೇಳಿದ ಕೂಡಲೇ ಹೊಟ್ಟೆ ಉರಿಯಿತು. ಅಲ್ಲಿನ ಮುಖ್ಯಸ್ಥೆ ಸುಮಿತ್ರಾ. ಮೊದಲು ನನ್ನ ಕೈಕೆಳಗೇ ಇದ್ದವರು. ಅವರಿಗೆ ವರ್ಗವಾದ ದಿನ ಹುಡುಗಿಯರು ಅತ್ತಿದ್ದರು, ಹುಡುಗರು ಸೊರಬದ ಬಸ್ಸಿನ ತನಕ ಹೋಗಿ ಸೀಟು ಹಿಡಿದುಕೊಟ್ಟಿದ್ದರು. ನಾನು ದಾವಣಗೆರೆಯ ಹಿಂದಿನ ಕಾಲೇಜು ಬಿಟ್ಟು ಬರುವಾಗ ನನ್ನ ಛತ್ರಿಯನ್ನು ಸ್ಟಾಫ್ ರೂಮಿನಲ್ಲೇ ಮರೆತಿದ್ದೆ. ಅದನ್ನು ಕೂಡ ಯಾರೂ ಕಳಿಸಿಕೊಡಲಿಲ್ಲ. ಪಾಠದಲ್ಲಿ ನಾನೇನು ಅವರಿಗಿಂತ ಕಡಿಮೆಯಿರಲಿಲ್ಲ. ಆದರೂ ಹಳೆಯ ವಿದ್ಯಾರ್ಥಿಗಳು ನನಗೆ ಫೋನ್ ಮಾಡಿದರೆ ಅದು ಮೇಡಂ ನಂಬರ್ ಕೇಳುವುದಕ್ಕೆ. ನಮ್ಮ ಮನೆಯವಳು ಕೂಡ, ಆ ಮೇಡಂ ಎಷ್ಟು ಚೆಂದ ಮಾತಾಡ್ತಾರಲ್ರೀ ಎಂದು ವರ್ಷಕ್ಕೊಮ್ಮೆಯಾದರೂ ನೆನೆಸಿಕೊಳ್ಳುತ್ತಿದ್ದಳು.

ಅವರು ಮಾಡಿದ್ದು ಲೈನ್ ಫಾಲೋವರ್. ಅಂದರೆ ನೆಲಕ್ಕೆ ಅಂಟಿಸಿದ ಕಪ್ಪು ಟೇಪಿನ ಗುಂಟ ಹೋಗುವ ಸಾದಾ ಗಾಡಿ. ತಟ್ಟೆಯಿಡುವ ಜಾಗದ ಕೆಳಗೆ ಒಂದು ಲೋಡ್ ಸೆಲ್ ಇತ್ತು. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೊಳಗೆ ತೂಕ ಅಳೆಯುತ್ತದಲ್ಲ, ಅದೇ ಭಾಗ. ಗಾಡಿ ಬಾಗಿಲಿಗೆ ಬಂದು ಗಂಟೆ ಹೊಡೆಯುತ್ತದೆ, ತಟ್ಟೆ ಎತ್ತಿಕೊಳ್ಳುವ ತನಕ ಅಲ್ಲೇ ನಿಲ್ಲುತ್ತದೆ. ಇಷ್ಟೇ. ಇದನ್ನು ಹೈಸ್ಕೂಲ್ ಮಕ್ಕಳು ವಿಜ್ಞಾನ ಮೇಳದಲ್ಲಿ ಮಾಡುತ್ತಾರೆ ಎಂದು ನಾನು ಪ್ರಿನ್ಸಿಪಾಲರ ಮುಂದೆ ನಕ್ಕಿದ್ದೆ.

ನನ್ನದು ಹಾಗಿರಲಿಲ್ಲ. ಟೇಪಿನ ಹಂಗಿಲ್ಲ. ಶಬ್ದದ ಅಲೆ ಬಿಟ್ಟು ಎದುರಿನ ಅಡೆತಡೆ ತಿಳಿಯುವ ಅಲ್ಟ್ರಾಸಾನಿಕ್ ಸೆನ್ಸರುಗಳು ಸುತ್ತಲೂ ಇದ್ದವು. ಎದೆಯ ಮೇಲೆ ಟಚ್ ಸ್ಕ್ರೀನ್. ಬಾಗಿಲಿಗೆ ಹೋಗಿ ‘ಊಟ ಬೇಕೆ?’ ಎಂದು ಕನ್ನಡದಲ್ಲೇ ಕೇಳುತ್ತಿತ್ತು. ‘ಬೇಕು’ ಒತ್ತಿದರೆ ಮುಚ್ಚಳ ತೆರೆಯುತ್ತದೆ. ‘ಬೇಡ’ ಒತ್ತಿದರೆ ಮುಂದಿನ ಕೋಣೆಗೆ ಹೋಗುತ್ತದೆ, ಮತ್ತೊಂದು ಊಟದ ಹೊತ್ತಿನವರೆಗೆ ಈ ಕಡೆ ತಿರುಗುವುದಿಲ್ಲ. ಸಮಯವೂ ಉಳಿತಾಯ, ಬ್ಯಾಟರಿಯೂ ಉಳಿತಾಯ. ನಿಜ ಹೇಳಬೇಕೆಂದರೆ ಆ ಸ್ಕ್ರೀನು ಬೇಕೇ ಬೇಕು ಎಂದೇನೂ ಇರಲಿಲ್ಲ. ಸುಮಿತ್ರಾ ಅವರ ಗಾಡಿಗೆ ಇರಲಿಲ್ಲ, ಅದಕ್ಕೇ ನನ್ನದಕ್ಕೆ ಹಾಕಿದೆ.

ಎರಡೂ ಕಡೆ ಪ್ರಯೋಗ ಶುರುವಾಯಿತು. ಮೊದಲ ದಿನ ಆರೋಗ್ಯವಾಗಿದ್ದ ಮಕ್ಕಳನ್ನು ಕೋಣೆಯಲ್ಲಿ ಕೂರಿಸಿ ತೋರಿಸಿದಾಗ ಎಲ್ಲರೂ ‘ಬೇಕು’ ಒತ್ತಿದರು, ಚಪ್ಪಾಳೆಯೂ ಬಿತ್ತು. ನಿಜವಾದ ಕಾಯಿಲೆಯವರ ಕೋಣೆಗಳಿಗೆ ಬಿಟ್ಟ ಮೇಲೆ ಮಾತ್ರ ಅರ್ಧಕ್ಕರ್ಧ ಗಂಜಿ ಹಾಗೇ ವಾಪಸ್ ಬರತೊಡಗಿತು. ಜ್ವರದಲ್ಲಿ ಬಾಯಿ ಕೆಟ್ಟಿರುತ್ತದೆ, ಹಸಿವಿಲ್ಲದವರಿಗೆ ಕೊಟ್ಟು ಚೆಲ್ಲುವುದಕ್ಕಿಂತ ಇದೇ ವಾಸಿ ಎಂದು ನಾನು ವರದಿಯಲ್ಲಿ ಬರೆದೆ. ಆದರೆ ಸೊರಬದಲ್ಲಿ ಎಲ್ಲ ತಟ್ಟೆಗಳೂ ಖಾಲಿಯಾಗುತ್ತಿವೆ ಎಂಬ ಸುದ್ದಿ ಬಂತು. ನನಗೆ ಅನ್ನ ಸೇರಲಿಲ್ಲ. ಯಾರೋ ಕದ್ದು ಕೈಯಿಂದಲೇ ತಟ್ಟೆ ಕೊಡುತ್ತಿರಬೇಕು ಎಂಬ ಗುಮಾನಿ ಹುಟ್ಟಿತು. ಸಂಬಂಧಿಕರನ್ನು ನೋಡುವ ನೆಪ ಮಾಡಿ ಒಂದು ದಿನ ಸೊರಬದ ಬಸ್ಸು ಹತ್ತಿದೆ.

ಹಾಸ್ಟೆಲಿನ ಪಡಸಾಲೆಯಲ್ಲಿ ನಿಂತು ಕಳ್ಳನನ್ನು ಕಾಯುವವನಂತೆ ನೋಡಿದೆ. ಕಳ್ಳತನವೇನೂ ಇರಲಿಲ್ಲ. ಗಾಡಿ ಒಂದು ಬಾಗಿಲಿಗೆ ಹೋಗಿ ಗಂಟೆ ಹೊಡೆಯಿತು. ಬೇಡ ಹೋಗು ಎಂದು ಒಳಗಿನ ಹುಡುಗ ನರಳಿದ್ದು ನನಗೂ ಕೇಳಿಸಿತು. ಗಾಡಿ ನಿಂತೇ ಇತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗಂಟೆ, ಮತ್ತೆ ಸುಮ್ಮನೆ. ಕೊನೆಗೆ ಹುಡುಗ ಎದ್ದು ಬಂದು ತಟ್ಟೆ ಎತ್ತಿಕೊಂಡ. ಎಂಥ ಬ್ಯಾಟರಿ ದಂಡ ಎಂದುಕೊಂಡೆನೇ ಹೊರತು ಬೇರೇನೂ ಹೊಳೆಯಲಿಲ್ಲ.

ಅಷ್ಟರಲ್ಲಿ ಸುಮಿತ್ರಾ ನೋಡಿಬಿಟ್ಟರು. “ಎಂತ ಸರ್, ಸೊರಬಕ್ಕೆ ಬಂದು ಹಾಗೇ ಹೋಗೋದುಂಟಾ?” ಎಂದು ಸ್ಟಾಫ್ ರೂಮಿಗೆ ಕರೆದೊಯ್ದು ಡಬ್ಬಿ ಬಿಚ್ಚಿದರು. ಈಗಷ್ಟೇ ಆಯಿತು, ಬೇಡವೇ ಬೇಡ ಎಂದೆ. ಅವರು ಕೇಳಿಸಿಕೊಂಡವರಂತೆಯೇ ಕಾಣಲಿಲ್ಲ. ಎರಡು ಕಡುಬು ಬಡಿಸಿದರು, ಸಾಕು ಎಂದ ಮೇಲೆ ಇನ್ನೊಂದು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಮೂರನ್ನೂ ತಿಂದೆ. ಕಡುಬು ಚೆನ್ನಾಗಿತ್ತು ಎನ್ನುವುದನ್ನೂ ನನಗೆ ಸಹಿಸಲಾಗಲಿಲ್ಲ.

ಅದಾದ ಎರಡನೆಯ ದಿನ ನಮ್ಮ ಹಾಸ್ಟೆಲಿನ ಹುಡುಗಿಯೊಬ್ಬಳು ಕೋಣೆಯ ಬಾಗಿಲಲ್ಲಿ ತಲೆ ತಿರುಗಿ ಬಿದ್ದಳು. ತಾಳಗುಂದದ ರೇಣುಕಾ, ಎರಡನೇ ವರ್ಷದವಳು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಡಾಕ್ಟರು, ಜ್ವರಕ್ಕಿಂತ ಹೆಚ್ಚಾಗಿ ಹೊಟ್ಟೆಗಿಲ್ಲದೆ, ನೀರಿಲ್ಲದೆ ಹೀಗಾಗಿದೆ, ಇನ್ನೂ ತಡವಾಗಿದ್ದರೆ ಕಿಡ್ನಿಗೆ ತೊಂದರೆಯಾಗುತ್ತಿತ್ತು ಎಂದರು. ಯಂತ್ರ ಕೆಟ್ಟಿತ್ತೇ ಎಂದು ನೋಡಿದರೆ ಏನೂ ಕೆಟ್ಟಿರಲಿಲ್ಲ. ಪ್ರತಿ ಹೊತ್ತೂ ಹೋಗಿತ್ತು, ಕೇಳಿತ್ತು. ಅವಳೇ ‘ಬೇಡ’ ಒತ್ತಿದ್ದಳು.

ಸಂಜೆ ಅವಳು ಎದ್ದು ಕೂತಿದ್ದಾಗ, ಯಾಕಮ್ಮ ಬೇಡ ಅಂದೆ ಎಂದು ಕೇಳಿದೆ. ಅವಳು ನಾಚಿಕೊಂಡಳು.

“ಅದು ಹೊತ್ತಿಗ್ ಒಂದೇ ಸಲ ಕೇಳಿ ಹೋಗೇ ಬಿಡ್ತಿತ್ತು ಸರ್. ಇನ್ನೊಂದ್ ಸಲ ಕೇಳ್ತತಿ ಅನ್ಕಂತಿದ್ದೆ.”

ನಾನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟೆ. ನಮ್ಮ ಕಡೆ ಕೇಳಿದ ಕೂಡಲೇ ಬೇಕು ಎನ್ನುವವರು ಯಾರಿದ್ದಾರೆ? ನೆಂಟರ ಮನೆಯಲ್ಲಿ ಎರಡು ಸಲವಾದರೂ ಬೇಡ ಎನ್ನದೆ ಊಟಕ್ಕೆ ಕೈ ತೊಳೆದವರನ್ನು ಆಸೆಬುರುಕರು ಎನ್ನುತ್ತೇವೆ. ಮೊದಲ ಬೇಡಕ್ಕೇ ಪಾತ್ರೆ ಎತ್ತಿಟ್ಟವರನ್ನು ವರ್ಷಗಟ್ಟಲೆ ಆಡಿಕೊಳ್ಳುತ್ತೇವೆ. ಅಂಥದ್ದರಲ್ಲಿ ಕಾಯಿಲೆ ಬಿದ್ದು, ನನ್ನಿಂದ ಎಲ್ಲರಿಗೂ ತೊಂದರೆ ಎಂದು ಮುದುಡಿ ಮಲಗಿದ ಮಕ್ಕಳು ಒಂದೇ ಮಾತಿಗೆ ‘ಬೇಕು’ ಒತ್ತುತ್ತಾರೆಯೇ? ಸುಮಿತ್ರಾ ಗಾಡಿಗೆ ಬಟನ್ ಇಡದಿದ್ದದ್ದು ಮಾಡಲು ಬಾರದೇ ಇದ್ದುದರಿಂದಲ್ಲ. ಮೂರು ಕಡುಬು ತಿಂದು ಬಂದವನಿಗೆ ಅದು ಅಲ್ಲೇ ಹೊಳೆಯಬೇಕಿತ್ತು. ಹುಡುಗಿ ಬದುಕಿದಳಲ್ಲ ಎಂಬ ಸಮಾಧಾನದ ಜೊತೆಗೇ, ಇದು ನನಗೆ ಹೊಳೆಯದೆ ಅವರಿಗೆ ಹೊಳೆಯಿತಲ್ಲ ಎಂಬ ಸಂಕಟವೂ ಆಯಿತು. ಯಾವುದು ಹೆಚ್ಚು ಎಂದು ಕೇಳಿದರೆ ಹೇಳಲಾರೆ.

ಮರುದಿನವೇ ‘ಬೇಡ’ ಬಟನ್ ತೆಗೆದುಹಾಕಿದೆ. ನನ್ನ ಯಂತ್ರವೂ ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ಕೇಳಲು ಕಲಿಯಿತು. ತಟ್ಟೆಗಳು ಖಾಲಿಯಾದವು. ರೇಣುಕಾ ಚೇತರಿಸಿಕೊಂಡು ಪರೀಕ್ಷೆಗೂ ಕೂತಳು.

ಆಯ್ಕೆಯ ದಿನ ಮಂಡಳಿಯ ತಾಂತ್ರಿಕ ಸಲಹೆಗಾರರು ಬಂದರು. ಮುಂಬೈಯಲ್ಲೇ ಹುಟ್ಟಿ ಬೆಳೆದ ಕನ್ನಡಿಗರು, ಮಾತು ಎಂದರೆ ಲೆಕ್ಕದ ಮಾತು. ಎರಡನ್ನೂ ಓಡಿಸಿ ನೋಡಿದ ಮೇಲೆ ಸುಮಿತ್ರಾ ಕಡೆ ತಿರುಗಿ, ನಿಮ್ಮದು ಸರಳವಾಗಿದೆ, ಕೆಟ್ಟರೆ ಯಾರು ಬೇಕಾದರೂ ರಿಪೇರಿ ಮಾಡಬಹುದು, ನೀವೇ ಈ ಕೆಲಸ ವಹಿಸಿಕೊಳ್ಳುತ್ತೀರಾ ಎಂದರು.

“ಬೇಡ ಸರ್, ಮಲ್ಲೇಶಪ್ಪ ಸರ್ ನನಗಿಂತ ಹಿರಿಯರು. ಅವರದ್ದೇ ಆಗಲಿ,” ಎಂದರು ಸುಮಿತ್ರಾ.

ಸಲಹೆಗಾರರು ಸರಿ ಎಂದು ತಲೆಯಾಡಿಸಿ ನನ್ನ ಕಡೆ ತಿರುಗಿ ಕೈ ಚಾಚಿದರು. ಅಷ್ಟಕ್ಕೇ ಮುಗಿಯಿತು. ಸುಮಿತ್ರಾ ತಮ್ಮ ಗಾಡಿಯ ಮೇಲೆ ಕೈಯಿಟ್ಟು ನಿಂತಿದ್ದರು. ಅಂಥದ್ದೇ ಮುಖವನ್ನು ನಾನು ಆಸ್ಪತ್ರೆಯಲ್ಲಿ, ರೇಣುಕಾಳಲ್ಲಿ ನೋಡಿದ್ದೆ. ಅವರು ಕಾಯುತ್ತಿದ್ದರು. ಅಲ್ಲಿದ್ದವರಲ್ಲಿ ಅದು ನನ್ನೊಬ್ಬನಿಗೆ ಗೊತ್ತು. ಸುಮ್ಮನಿದ್ದರೆ ನನ್ನ ಹೆಸರು ಎಲ್ಲ ಹಾಸ್ಟೆಲುಗಳಲ್ಲೂ ಓಡಾಡುತ್ತಿತ್ತು, ಯಾರೂ ತಪ್ಪು ಎನ್ನುತ್ತಲೂ ಇರಲಿಲ್ಲ. ಸುಮ್ಮನಿರು ಎಂದು ಹೊಟ್ಟೆಕಿಚ್ಚು ಗಂಟಲಿನವರೆಗೆ ಬಂದು ಹೇಳುತ್ತಿತ್ತು.

“ಅವರನ್ನ ಇನ್ನೊಂದ್ ಸಲ ಕೇಳ್ರಿ ಸರ್,” ಎಂದೆ.

ಸಲಹೆಗಾರರು ವಿಚಿತ್ರವಾಗಿ ನೋಡಿ, ಮತ್ತೆ ಕೇಳಿದರು. ಮೂರನೇ ಸಲವೂ ಕೇಳಿಸಬೇಕಾಗಬಹುದು, ಅಷ್ಟರಲ್ಲಿ ಏನಾದರೂ ಆದೀತು ಎಂಬ ಸಣ್ಣ ಆಸೆ ನನಗಿನ್ನೂ ಇತ್ತು. ಸುಮಿತ್ರಾ ನನ್ನ ಮುಖವನ್ನೊಮ್ಮೆ ನೋಡಿ, ಎರಡನೇ ಸಲಕ್ಕೇ ಆಗಲಿ ಸರ್ ಎಂದು ಒಪ್ಪಿಬಿಟ್ಟರು.

ಈಗ ಎಲ್ಲ ಹಾಸ್ಟೆಲುಗಳಲ್ಲೂ ಅವರ ಗಾಡಿಗಳೇ ಓಡಾಡುತ್ತವೆ. ಅಷ್ಟು ವರ್ಷದ ನೌಕರಿ ನನಗೆ ಕಲಿಸಿದ್ದೇನು ಎಂದು ಯಾರಾದರೂ ಕೇಳಿದರೆ ಇಷ್ಟು ಹೇಳುತ್ತೇನೆ: ಕಾಯಿಲೆಯವರ ಮೊದಲ ‘ಬೇಡ’ವನ್ನು ನಂಬಿ ಯಂತ್ರ ಮಾಡಬಾರದು, ಅನ್ನದ ತಟ್ಟೆ ಹಿಡಿದವರು ಬಾಗಿಲು ಬಿಟ್ಟು ಕದಲಬಾರದು. ಹೊಟ್ಟೆಕಿಚ್ಚು ಹೋಗಲಿಲ್ಲ. ಅದು ಇದ್ದುಕೊಂಡೇ ಬಾಯಿ ಸರಿಯಾದ ಮಾತು ಆಡಬಲ್ಲದು ಎಂಬುದು ಆ ದಿನ ನನಗೆ ಗೊತ್ತಾಯಿತು.