ಮೂರು ಪಾಲಾದ ಕಾದಂಬರಿ

ದಪ್ಪನೆಯ ಕಾದಂಬರಿಯೊಂದನ್ನು ಬ್ಲೇಡಿನಿಂದ ಕೊಯ್ದು ಮೂರು ಪಾಲು ಮಾಡಿದ್ದೇನೆ. ಬೈಯುವವರು ಈಗಲೇ ಬೈದುಬಿಡಿ. ಆಮೇಲೆ ಪೂರ್ತಿ ಕೇಳಿ.

ನಾವು ಒಡಹುಟ್ಟಿದವರು ಮೂವರು. ರಾಯಚೂರಿನಲ್ಲಿ ನಾನು ಮತ್ತು ನನ್ನ ಬಟ್ಟೆ ಅಂಗಡಿ. ಮಾನ್ವಿಯಲ್ಲಿ ತಮ್ಮ ಬಸವರಾಜ, ಶಾಲೆ ಮಾಸ್ತರ. ದೇವದುರ್ಗದಲ್ಲಿ ತಂಗಿ ಶಾಂತಾ, ಎಲ್ಲರಿಗಿಂತ ಚಿಕ್ಕವಳು. ಮೂವರಿಗೂ ಭಾನುವಾರಕ್ಕೊಂದು ಪುಸ್ತಕ ಬೇಕು. ಆರಿಸುವ ಕೆಲಸ ನನ್ನದು. (ಹೆಗಲ ಮೇಲೆ ಗಂಟು ಹೊತ್ತು ಊರೂರು ತಿರುಗಿ ಅಂಗಡಿ ಕಟ್ಟಿದವನು ನಾನು. ಸರಕು ಮುಟ್ಟಿದರೆ ಸಾಕು, ಗುಣ ಗೊತ್ತಾಗುತ್ತದೆ.) ಒಂದು ಪುಸ್ತಕವನ್ನು ಮೊದಲ ಭಾನುವಾರ ನಾನು ಓದಿದರೆ, ಎರಡನೆಯದಕ್ಕೆ ತಮ್ಮ, ಮೂರನೆಯದಕ್ಕೆ ತಂಗಿ. ಶನಿವಾರ ಪರಿಚಯದ ಕಂಡಕ್ಟರ್ ಕೈಗೆ ಕೊಟ್ಟರೆ ಸಂಜೆಯೊಳಗೆ ಮನೆ ಮುಟ್ಟುತ್ತದೆ.

ಎಲ್ಲ ಸರಿಯಿತ್ತು. ಒಂದು ದಿನ ತಂಗಿಯ ಕಾಗದ ಬಂತು.

“ಅಣ್ಣಾ, ಪುಸ್ತಕ ಬರೋದ್ರಾಗ ಸಣ್ಣಣ್ಣನ ಕಾಗದ ಬಂದಿರ್ತದ. ಅದ್ರಾಗ ಕಥಿ ಪೂರಾ ಇರ್ತದ. ನನಗೇನಿದ್ರೂ ಎಂಜಲಾನ. ಇನ್ನ ಮ್ಯಾಲೆ ಪುಸ್ತಕ ಕಳಸಬ್ಯಾಡ.”

ಪುಸ್ತಕ ನಿಂತರೆ ನಮ್ಮಿಬ್ಬರ ನಡುವೆ ಉಳಿಯುವುದೇನು? ‘ನಾವೆಲ್ಲ ಕ್ಷೇಮ, ನೀವೂ ಕ್ಷೇಮವೆಂದು ತಿಳಿದಿದ್ದೇವೆ’ ಅನ್ನುವ ಎರಡು ಸಾಲು. ಅಂಗಡಿಯಿಂದ ಒಬ್ಬ ಗಿರಾಕಿ ಹೋದರೆ ಇನ್ನೊಬ್ಬ ಬರುತ್ತಾನೆ. ಇರುವ ಒಬ್ಬಳೇ ತಂಗಿ ಮುನಿಸಿಕೊಂಡು ಹೋದರೆ?

ಆಗ ಹೊಳೆದದ್ದೇ ಬ್ಲೇಡಿನ ಐಡಿಯಾ. ಒಂದೇ ಭಾನುವಾರ ಮೂವರೂ ಓದಬೇಕು. ಯಾರೂ ಮೊದಲಲ್ಲ, ಯಾರೂ ಕೊನೆಯಲ್ಲ. ಆಮೇಲೆ ಪಾಲು ಅದಲು ಬದಲು. ಹೇಗಿದೆ ಪ್ಲಾನ್?

“ನಿಮ್ಮ ಅಂಗಡ್ಯಾಗಿನ ಅರಿವಿ ಥಾನೇನ್ರಿ ಇದು, ಹರಿದು ಹಂಚಾಕ?” ಅಂದಳು ನನ್ನ ಹೆಂಡತಿ.

ನಾನು ಕೇಳಲಿಲ್ಲ. ಮೊದಲ ಭಾಗ ದೇವದುರ್ಗಕ್ಕೆ, ಕೊನೆಯದು ಮಾನ್ವಿಗೆ. ನಡುವಿನದನ್ನು ದಾರದಿಂದ ಕಟ್ಟಿ ನನಗೆ ಇಟ್ಟುಕೊಂಡೆ. ಇಟ್ಟುಕೊಂಡೆ, ಅಷ್ಟೇ. ಮದುವೆ ಸೀಸನ್ನು. ಸೀರೆ ಬಿಚ್ಚಿ ತೋರಿಸುವುದೋ, ಪುಸ್ತಕ ಬಿಚ್ಚಿ ಕೂರುವುದೋ?

ಮುಂದಿನ ವಾರ ಎರಡು ಕಾಗದ ಒಟ್ಟಿಗೇ ಬಂದವು. ಕಾದಂಬರಿಯಲ್ಲೊಬ್ಬ ಅತ್ತಿಗೆ ಇದ್ದಾಳೆ. ತಾಯಿಯಿಲ್ಲದ ಮೈದುನನನ್ನು ಸಾಕುತ್ತಾಳೆ. ‘ಅತ್ತಿಗಿ ಅಂದ್ರ ದೇವತಿ’ ಎಂದು ತಂಗಿ ಬರೆದಿದ್ದಳು. ತಮ್ಮನ ಪಾಲಿನಲ್ಲಿ ಅದೇ ಮೈದುನ, ತನ್ನ ಮುಖದ ಮೇಲೆಯೇ ಬಾಗಿಲು ಹಾಕಿದ ಅತ್ತಿಗೆಯನ್ನು ನೆನೆನೆನೆದು ಅಳುತ್ತಾನೆ. ‘ಆಕಿ ಹೆಣ್ಣಲ್ಲ, ಕಟುಕಿ’ ಎಂದು ತಮ್ಮ ಬರೆದಿದ್ದ. ಅವರಿಬ್ಬರಲ್ಲಿ ಆಗಲೇ ಕಾಗದದ ಜಗಳ ಶುರುವಾಗಿತ್ತು. ನಡುವಿನ ಭಾಗ ಓದಿದವನು ನಾನಲ್ಲವೇ? ತೀರ್ಪು ನಾನೇ ಕೊಡಬೇಕಂತೆ.

ಓದಿಲ್ಲ ಅಂತ ಬರೆದರೆ ಮರ್ಯಾದೆ ಏನಾಗಬೇಕು? ಇಬ್ಬರು ಗಿರಾಕಿಗಳು ಒಂದೇ ಸೀರೆಗೆ ಕೈ ಹಾಕಿದಾಗ ಮಾಡುವುದನ್ನೇ ಮಾಡಿದೆ. ‘ನಿನ್ನ ಮಾತೇ ಖರೆ ಶಾಂತಾ’ ಎಂದು ದೇವದುರ್ಗಕ್ಕೆ ಬರೆದೆ. ‘ನಿನ್ನ ಮಾತೇ ಖರೆ ಬಸವರಾಜ’ ಎಂದು ಮಾನ್ವಿಗೆ.

(ಒಂದು ಸಲಹೆ: ಇಂಥದ್ದನ್ನು ಬಾಯಲ್ಲಿ ಹೇಳಿ. ಬರೆದುಕೊಡಬೇಡಿ.)

ಕಳೆದ ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಇಬ್ಬರೂ ನಿಂತಿದ್ದಾರೆ! ಬಸ್ ಸ್ಟ್ಯಾಂಡಿನಲ್ಲೇ ಭೇಟಿಯಾಗಿ, ನನ್ನ ಕಾಗದಗಳನ್ನು ಜೋಡಿಸಿ ಓದಿಕೊಂಡೇ ಬಂದಿದ್ದರು.

“ನಡುವಿನ ಪಾಲು ತಗೊಂಬಾ ಅಣ್ಣಾ,” ಅಂದಳು ಶಾಂತಾ. ಒಳಗೂ ಬರಲಿಲ್ಲ.

ತಂದುಕೊಟ್ಟೆ. ದಾರದ ಗಂಟು ಹಾಕಿದಂತೆಯೇ ಇತ್ತು.

“ಲೇ ಶಾಂತಾ, ನೋಡಲೇ! ಸಾಹುಕಾರ್ರು ಗಂಟೇ ಬಿಚ್ಚಿಲ್ಲ!” ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ.

ತಂಗಿ ನಗಲಿಲ್ಲ. “ಓದಿದ್ದು ಹೇಳ್ತಾನಂತ ಸಣ್ಣಣ್ಣನ ಮ್ಯಾಲೆ ಸಿಟ್ಟಾಗಿದ್ದೆ. ನೀ ಓದಲಾರದ್ದೇ ಹೇಳ್ತಿಯಲ್ಲ! ಸಾಕು. ಇನ್ನೊಂದು ಹಾಳಿ ಸೈತ ನಂಗ ಕಳಸಬ್ಯಾಡ.”

ಗಿರಾಕಿ ಮೆಟ್ಟಿಲು ಇಳಿಯುವಾಗ ಕೂಗಿ ಕರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅವತ್ತು ಮೆಟ್ಟಿಲು ಇಳಿಯತೊಡಗಿದವಳು ತಂಗಿ. ಗಂಟು ಬಿಚ್ಚಿದೆ. ಅಲ್ಲೇ ಕಟ್ಟೆಯ ಮೇಲೆ ಕುಳಿತು ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದೆ.

ಎರಡನೇ ಪುಟಕ್ಕೆ ತಂಗಿ ಕುಳಿತಳು. ಹತ್ತನೆಯದಕ್ಕೆ ನನ್ನ ಹೆಂಡತಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತಳು. ನನ್ನ ಗಂಟಲು ಆರಿದಾಗ ತಮ್ಮ ಓದಿದ, ಆಮೇಲೆ ತಂಗಿ. ಪಕ್ಕದ ಮನೆಗೆ ಹೊಸ ಟಿವಿ ಬಂದಿದೆ. ಅಲ್ಲಿಂದ ಕರೆದರೂ ಯಾರೂ ಏಳಲಿಲ್ಲ.

ಅತ್ತಿಗೆ ಯಾಕೆ ಬಾಗಿಲು ಹಾಕಿದಳು ಗೊತ್ತೇ? ಮನೆಯೊಳಗೆ ಕಾಲರಾ. ಮೈದುನನಾದರೂ ಬದುಕಲಿ ಅಂತ. ಆ ಪುಟ ಓದುತ್ತಿದ್ದವಳು ಶಾಂತಾ. “ಕಟುಕಿ ಅಂದೀ ಅಲ್ಲೋ ಸಣ್ಣಣ್ಣಾ!” ಎಂದು ಪಕ್ಕದಲ್ಲಿದ್ದವನ ಬೆನ್ನಿಗೆ ಗುದ್ದಿದಳು. ಗುದ್ದಿಸಿಕೊಂಡವನೂ ಕಣ್ಣು ಒರೆಸುತ್ತಿದ್ದ.

ಹಬ್ಬವಿಲ್ಲ, ಮದುವೆಯಿಲ್ಲ, ಸುಮ್ಮನೆ ಒಂದು ಭಾನುವಾರ ಮೂವರೂ ಒಂದೇ ಕಟ್ಟೆಯ ಮೇಲೆ ಕುಳಿತದ್ದು ಎಷ್ಟು ವರ್ಷಗಳ ಮೇಲೆ! ನಿಮ್ಮಲ್ಲೂ ಅಣ್ಣ ತಮ್ಮ ಅಕ್ಕ ತಂಗಿ ಇದ್ದರೆ ಒಂದು ದಪ್ಪ ಪುಸ್ತಕ ನೋಡಿ, ಧೈರ್ಯವಾಗಿ ಕೊಯ್ಯಿರಿ. (ಲೈಬ್ರರಿಯದು ಬೇಡ.)

ಸಂಜೆ ದೇವದುರ್ಗದ ಬಸ್ಸು ಹೊರಟಿತು. ಶಾಂತಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. “ಅಣ್ಣಾ, ಮುಂದಿನ ಪುಸ್ತಕಾನೂ ಹರಿ. ಆದ್ರ ನಡುವಿನ ಪಾಲು ನಂದು!”

“ಏ, ಅದು ನಂದು!” ಎಂದ ನನ್ನ ಪಕ್ಕದಲ್ಲಿ ನಿಂತಿದ್ದ ತಮ್ಮ.

ನನಗೂ ಅದೇ ಬೇಕು. ಮೂವರೂ ನಡುವಿನದನ್ನೇ ಕೇಳಿದರೆ ಬ್ಲೇಡು ಎಲ್ಲಿ ಇಡುವುದು, ಹೇಳಿ?